ಕಿರೀಟವಿಲ್ಲದ ಜೋಯಿಸ

"ಮೂರು ಅಂದ್ರೆ ಮೂರು. ನಿಮಗೆ ಎಣಿಸೋಕೆ ಬರದಿದ್ರೆ ಅದಕ್ಕೆ ನಾನೇನು ಮಾಡ್ಲಿ?"

"ನನ್ನ ಎಣಿಕೆ ಸರಿ ಐತೆ. ನಿಮ್ಮ ಕಣ್ಣು ಸರಿ ಐತಾ ಅಂತ ಕೇಳ್ತಿರೋದು ನಾನು."

"ಬಾಯಿ ಹಿಡಿದು ಮಾತಾಡ್ರಿ. ಇದು ದೇವರ ಮನೆ, ನಿಮ್ಮ ಪೊಲೀಸ್ ಸ್ಟೇಷನ್ ಅಲ್ಲ."

"ಸ್ಟೇಷನ್ ಆಗಿದ್ರೆ ಇಷ್ಟೊತ್ತಿಗೆ ನೀವು ಬೇರೆ ಥರ ಮಾತಾಡ್ತಿದ್ರಿ."

ಚೌರಪ್ಪ ಆ ಸಣ್ಣ ಚರ್ಚಿನ ಬಾಗಿಲಿಗೆ ಎರಡೂ ಕೈ ಚಾಚಿ ಅಡ್ಡ ನಿಂತಿದ್ದ. ಜೀವಮಾನವೆಲ್ಲ ಬಸ್ಸಿನ ಸ್ಟೇರಿಂಗ್ ತಿರುಗಿಸಿ ದಪ್ಪವಾದ ಕೈಗಳು. ನಿವೃತ್ತಿಯಾದ ಮೇಲೆ ಶಿಕಾರಿಪುರಕ್ಕೆ ಬಂದು ಚರ್ಚಿನ ಸಮಿತಿಗೆ ಹಿರಿಯನಾಗಿದ್ದ. ನಿಲ್ಲಿಸದ ಬಸ್ಸಿನಿಂದ ಕೈಯಾಡಿಸಿದ ಹಾಗೆ ಈಗಲೂ ಬಂದವರಿಗೆಲ್ಲ ಇಲ್ಲ, ಇಲ್ಲ ಅನ್ನುವುದೇ ಅವನ ರೂಢಿ.

ಎದುರು ನಿಂತವನು ಸಿದ್ಧಲಿಂಗೇಶ್. ಒಂದು ಕಾಲದ ದಫೇದಾರ. ಮೇಲಿನವರ ಮೇಜಿನ ಮೇಲೆ ಟೋಪಿ ಕುಕ್ಕಿ ನೌಕರಿ ಬಿಟ್ಟು ಬಂದಿದ್ದ. ಊರವರ ಕಳುವಾದ ಒಡವೆ, ಓಡಿಹೋದ ಅಳಿಯ, ಬದಲಾದ ಬಾಂದುಕಲ್ಲು ಪತ್ತೆ ಮಾಡಿಕೊಡುವುದೇ ಈಗ ಅವನ ಹೊಟ್ಟೆಪಾಡು. ಸಿಟ್ಟು ಮಾತ್ರ ಇಲಾಖೆಗೆ ವಾಪಸ್ ಕೊಟ್ಟಿರಲಿಲ್ಲ.

ಇಬ್ಬರ ನಡುವೆ, ಮೆಟ್ಟಿಲ ಮೇಲೆ ಗುಡ್ಡಮ್ಮ ಕೂತಿದ್ದಳು. ಅವಳ ಗಂಡ ಕುರಿಗಾರ ಚಿಕ್ಕಬೀರಪ್ಪನ ಕಂಬಳಿ ಗಂಟಿನಲ್ಲಿ ನಿನ್ನೆ ಗಂಧದ ಮರದ ಜೋಯಿಸನ ಗೊಂಬೆಯೊಂದು ಸಿಕ್ಕಿತ್ತು. ಸೊರಬದ ಅರಣ್ಯದವರು ಅವನನ್ನು ಹಿಡಿದು ಕೂರಿಸಿದ್ದರು. ಇವತ್ತು ಮಧ್ಯಾಹ್ನ ಅವನನ್ನು ಕೋರ್ಟಿಗೆ ಒಪ್ಪಿಸುತ್ತಾರೆ. ಗೊಂಬೆ ನಮ್ಮದು, ನಾವೇ ಕೊಟ್ಟದ್ದು ಎಂದು ಚರ್ಚಿನವರು ಬಂದು ಹೇಳಿದರೆ ಅವನು ಮನೆಗೆ. ಇಲ್ಲದಿದ್ದರೆ ಗಂಧದ ಕಳ್ಳ, ಜೈಲಿಗೆ.

"ಚೌರಪ್ನೋರೆ, ಆ ಗೊಂಬೆ ಫೋಟೋ ನಾನು ನೋಡೀನಿ. ಗಾರ್ಡ್ ತನ್ನ ಫೋನಲ್ಲಿ ತೋರಿಸಿದ. ಅರ್ಧ ಮೈಗೆ ಬಟ್ಟೆ ಮುಚ್ಚಿತ್ತು. ಹೆಗಲ ಮೇಲೆ ಶಲ್ಯ, ಕಂಕುಳಲ್ಲಿ ಪಂಚಾಂಗ. ನಿಮ್ಮ ಚರ್ಚಿನಲ್ಲಿರೋವೂ ಹಂಗೇ ಅದಾವಂತೆ."

"ಇರಲಿ. ಸೊರಬದ ಗುಡಿಗಾರರು ಗಂಧದಲ್ಲಿ ಅಂಥವು ನೂರು ಕೆತ್ತುತಾರೆ. ನಮ್ಮೋವು ಮೂರು. ಮೂರೂ ಒಳಗೇ ಅದಾವೆ. ಕಳೆದಿದ್ರೆ ತಾನೆ ನಮ್ದು ಅನ್ನೋದು? ಬಾಲಯೇಸುಗೆ ಕಾಣಿಕೆ ತಂದ ರಾಯರು ಮೂರು ಅಂತ ಲೋಕಕ್ಕೇ ಗೊತ್ತು. ಗಾಸ್ಪರ್, ಮೆಲ್ಕಿಯೋರ್, ಬಲ್ತಜಾರ್. ನಮ್ಮಜ್ಜಿ ತೊಟ್ಟಿಲಲ್ಲೇ ಕಲಿಸಿದ್ದು."

ಈ ಮೂರರ ಲೆಕ್ಕವೇ ಸಿದ್ಧಲಿಂಗೇಶನ ಸಿಟ್ಟಿಗೆ ಕಾರಣ. ನಿನ್ನೆ ಸಂಜೆಯಿಂದ ಅವನು ಯಾರನ್ನು ಕೇಳಿದರೂ ಒಂದೇ ಮಾತು. ಅರಣ್ಯದ ಗಾರ್ಡು, ವಕೀಲ, ಬಸ್‌ಸ್ಟ್ಯಾಂಡಿನ ಚಹಾದವನು, ಎಲ್ಲರಿಗೂ ಮೂರು ರಾಜರ ಲೆಕ್ಕ ಬಾಯಿಪಾಠ. ಚರ್ಚಿನ ಹೊಸಿಲು ತುಳಿಯದವರಿಗೂ ಗೊತ್ತು. ಅವನ ಮನೆಗೆ ಬರುವ ಅಂಗಡಿ ಕ್ಯಾಲೆಂಡರಿನ ಡಿಸೆಂಬರ್ ಹಾಳೆಯಲ್ಲೂ ಮೂರು ಒಂಟೆ, ಮೂರು ಕಿರೀಟ. ಚರ್ಚಿನಲ್ಲಿ ಮೂರು ಇವೆ ಅಂದ ಮೇಲೆ ಕುರಿಗಾರನ ಗಂಟಿನಲ್ಲಿ ಸಿಕ್ಕಿದ್ದು ಚರ್ಚಿನದಲ್ಲ. ಮುಗಿಯಿತು.

ಬೀರಪ್ಪನಾದರೂ ಬಾಯಿ ಬಿಟ್ಟನೇ? "ಚರ್ಚಿನೋರು ಕೊಟ್ಟಿದ್ದು" ಅಂದನಂತೆ. ಯಾರು ಕೊಟ್ಟರು ಅಂದರೆ, "ಹೇಳಲ್ಲ ಅಂತ ಮಾತು ಕೊಟ್ಟೀನಿ." ಅಷ್ಟೇ. ಲಾಕಪ್ಪಿನಲ್ಲಿ ಕೂತು ಮಾತು ಉಳಿಸಿಕೊಳ್ಳುವ ಇಂಥವರಿಗಾಗಿ ಓಡಾಡುವುದು ಎಂಥ ಕರ್ಮ ಎಂದು ಸಿದ್ಧಲಿಂಗೇಶ್ ರಾತ್ರಿಯೆಲ್ಲ ಹಲ್ಲು ಕಡಿದಿದ್ದ.

ಗುಡ್ಡಮ್ಮ ಎದ್ದಳು. ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡಳು. ಚೌರಪ್ಪನ ಚಾಚಿದ ಕೈಯ ಕೆಳಗೆ ತಲೆ ಬಗ್ಗಿಸಿ, ದೊಡ್ಡಿಯ ಕಿಂಡಿಯಲ್ಲಿ ನುಸುಳುವ ಹಾಗೆ, ನೇರ ಚರ್ಚಿನ ಒಳಗೆ ಹೋದಳು.

"ಏಯ್, ಎಲ್ಲಿಗವ್ವಾ?"

"ನಮ್ಮ ಕುರಿಮರಿ ನಿಮ್ಮ ಹಬ್ಬಕ್ಕೆ ಒಳಗೆ ಬರಬಹುದು. ನಾನು ಬರಬಾರದಾ?"

ಚೌರಪ್ಪನ ಕೈ ತಾನಾಗಿ ಕೆಳಗಿಳಿಯಿತು. ಮಾತು ನಿಜವಾಗಿತ್ತು. ಪ್ರತಿ ವರ್ಷ ಕ್ರಿಸ್ಮಸ್ಸಿಗೆ ಗೋದಲಿಯಲ್ಲಿ, ಹುಲ್ಲು ಹಾಸಿ ಬಾಲಯೇಸುವನ್ನು ಮಲಗಿಸುವ ಕೊಟ್ಟಿಗೆಯಲ್ಲಿ, ಕಟ್ಟಲು ಜೀವಂತ ಮರಿಗಳನ್ನು ತರುತ್ತಿದ್ದವನು ಚಿಕ್ಕಬೀರಪ್ಪನೇ. ಸಿದ್ಧಲಿಂಗೇಶ್ ಅವಳ ಹಿಂದೆಯೇ ನುಗ್ಗಿದ.

ಗೋದಲಿ ಬಲಿಪೀಠದ ಪಕ್ಕದಲ್ಲಿತ್ತು. ಅದರಲ್ಲಿ ಜೋಯಿಸರು ಇರಲಿಲ್ಲ. ಅವರು ಅಲ್ಲಿಂದ ಸಾಕಷ್ಟು ದೂರ, ಒಂದು ಮುಚ್ಚಿದ ಕಿಟಕಿಯ ಕಟ್ಟೆಯ ಮೇಲೆ, ಕತ್ತಲಲ್ಲಿ ಸಾಲಾಗಿ ನಿಂತಿದ್ದರು.

"ಇವರ್ಯಾಕೆ ಇಲ್ಲಿ ಅದಾರೆ?"

"ಅದು ಕರುಣಾ ಟೀಚರ್ ಹಟ," ಚೌರಪ್ಪ ಮುಖ ಕಿವಿಚಿದ. "ಇವರು ಹುಟ್ಟಿದ ದಿನ ಬಂದಿಲ್ಲ, ಎಷ್ಟೋ ಕಾಲ ಆದಮೇಲೆ ಬಂದ್ರು ಅಂತಾಳೆ. ದಿನಾ ಸ್ವಲ್ಪ ಸ್ವಲ್ಪ ಮುಂದೆ ಸರಿಸಿ, ರಾಯರ ಹಬ್ಬದ ದಿನ ಗೋದಲಿ ಮುಟ್ಟಿಸ್ತಾಳೆ. ಜನ ನನ್ನನ್ನ ಕೇಳ್ತಾರೆ, ರಾಯರೆಲ್ಲಿ, ಇನ್ನೂ ಬಸ್ ಸಿಕ್ಕಿಲ್ವಾ ಅಂತ."

ಮೊಳದುದ್ದದ ಗೊಂಬೆಗಳು. ಊರಿನ ಜೋಯಿಸರ ಹಾಗೆಯೇ ಕಚ್ಚೆ ಪಂಚೆ, ಶಲ್ಯ. ಎಲ್ಲರೂ ಬಲಗೈ ಎತ್ತಿ ಆಕಾಶ ತೋರಿಸುತ್ತಿದ್ದರು. ತಲೆಯ ಮೇಲೆ ಮಾತ್ರ ಬಂಗಾರದ ಕಾಗದದ ಕಿರೀಟ.

"ಕಿರೀಟ ಕಾಗದದ್ದು ಯಾಕೆ?"

"ಕೆತ್ತಿದ ಗುಡಿಗಾರನಿಗೆ ಏನು ಗೊತ್ತು? ರಾಜರಿಗೆ ಕಿರೀಟಾನೇ ಮಾಡಿಲ್ಲ. ಆಗಿದ್ದ ಮುದಿ ಫಾದರ್ರೂ ಸುಮ್ಮನಿದ್ರಂತೆ. ನಾನು ಬಂದ ಮೇಲೆ ವರ್ಷಾ ವರ್ಷಾ ಮೈದಾ ಅಂಟು ಹಚ್ಚಿ ನಾವೇ ಕೂರಿಸ್ತೀವಿ."

ಸಿದ್ಧಲಿಂಗೇಶ್ ಮೊದಲನೆಯವನ ಕಿರೀಟಕ್ಕೆ ಕೈ ಹಾಕಿ ಕಿತ್ತ. ಚೌರಪ್ಪ "ಹೇ" ಅನ್ನುವಷ್ಟರಲ್ಲಿ ಎರಡನೆಯದೂ ಬಂತು, ಮೂರನೆಯದೂ ಬಂತು.

ಒಂದೊಂದೇ ಗೊಂಬೆಯನ್ನು ಬಾಗಿಲ ಬೆಳಕಿಗೆ ತಂದು ಮೂಗಿನ ಹತ್ತಿರ ಹಿಡಿದು ನೋಡಿದ. ಮೊದಲನೆಯವನ ನೆತ್ತಿಯ ಸುತ್ತ ವರ್ಷಗಟ್ಟಲೆ ಒಣಗಿದ ಅಂಟಿನ ಹಕ್ಕಳೆ, ಅದರಲ್ಲಿ ಸಿಕ್ಕಿಕೊಂಡ ಹಳೆಯ ಬಂಗಾರದ ಚೂರುಗಳು. ಎರಡನೆಯವನಿಗೂ ಹಾಗೆಯೇ, ಗಜಕರ್ಣ ಆದವರ ಹಾಗೆ.

ಮೂರನೆಯವನ ತಲೆ ನುಣ್ಣಗಿತ್ತು. ಈ ವರ್ಷದ ತೆಳ್ಳನೆಯ ಅಂಟು ಬಿಟ್ಟರೆ ಬೇರೇನೂ ಇಲ್ಲ.

"ಇದನ್ನ ಯಾವಾಗಿಂದ ಇಡ್ತಿದ್ದೀರಿ ಚೌರಪ್ನೋರೆ?"

"ಮೂರನ್ನೂ ಒಟ್ಟಿಗೇ ಇಡ್ತೀವಿ. ನಾನು ಬಂದಾಗಿಂದ."

"ಹಂಗಾದ್ರೆ ಇವನೊಬ್ಬ ಮಾತ್ರ ಸ್ನಾನ ಮಾಡ್ಕೊಂಡು ಬಂದಿದಾನಾ? ಮುಟ್ಟಿ ನೋಡ್ರಿ. ಈ ತಲೆ ಮೇಲೆ ಒಂದೇ ಒಂದು ಸಲ ಕಿರೀಟ ಕೂತೈತೆ."

ಚೌರಪ್ಪ ಮುಟ್ಟಿದ. ಉಗುರಿನಿಂದ ಕೆರೆದ. "ಯಾರೋ ತೊಳೆದಿರಬೇಕು," ಅಂದ. ಅವನಿಗೇ ಆ ಮಾತಿನಲ್ಲಿ ನಂಬಿಕೆ ಇರಲಿಲ್ಲ.

"ತೊಳೆದಿಲ್ಲ. ಬದಲಾಯಿಸಿದಾರೆ. ನಿಮ್ಮ ಮೂವರಲ್ಲಿ ಒಬ್ಬ ಹೊರಗೆ ಹೋದ. ಆ ಜಾಗಕ್ಕೆ ನಾಲ್ಕನೆಯವನು ಬಂದು ನಿಂತ. ನೀವೆಲ್ಲ ಮೂರು ಎಣಿಸಿ ನೆಮ್ಮದಿಯಾಗಿ ಮನೆಗೆ ಹೋದ್ರಿ. ಗೊಂಬೆ ಪೆಟ್ಟಿಗೆ ಯಾರ ಹತ್ರ ಇರ್ತದೆ?"

ಚೌರಪ್ಪ ಚರ್ಚಿನ ಹಿಂಬದಿಗೆ ಕೈ ತೋರಿಸಿದ.

ಕರುಣಾ ಹಿಂದಿನ ಒಂದು ಕೋಣೆಯಲ್ಲಿ ತಾಯಿಯ ಜೊತೆ ಇದ್ದಳು. ಮಕ್ಕಳಿಗೆ ಬೈಬಲ್ಲಿನ ಸುವಾರ್ತೆ ಪಾಠ ಹೇಳುವುದು, ಬಲಿಪೀಠದ ಬಟ್ಟೆ ಒಗೆಯುವುದು, ಗೋದಲಿ ಕಟ್ಟುವುದು ಅವಳ ಕೆಲಸ. ಅದಕ್ಕೆ ಬದಲಾಗಿ ಚರ್ಚು ಕೊಟ್ಟದ್ದು ಆ ಕೋಣೆ. ಅವಳ ತಾಯಿ ತಾಯಮ್ಮ ಜಗುಲಿಯ ಬಿಸಿಲಲ್ಲಿ ಕೂತು ಮೊರದಲ್ಲಿ ಅಕ್ಕಿ ಆರಿಸುತ್ತಿದ್ದಳು. ಕಿವಿ ಮಂದ. ಬಂದವರನ್ನು ನೋಡಿ ನಕ್ಕಳು.

ಸಿದ್ಧಲಿಂಗೇಶ್ ನುಣ್ಣನೆ ತಲೆಯ ಜೋಯಿಸನನ್ನು ಮೇಜಿನ ಮೇಲೆ ಕುಕ್ಕಿದ.

"ಒಟ್ಟು ಎಷ್ಟು ಜನ ಇದ್ರು ಟೀಚರ್?"

ಕರುಣಾ ಗೊಂಬೆಯನ್ನು ನೋಡಿದಳು. ಕಿರೀಟವಿಲ್ಲದ ತಲೆಯನ್ನು ನೋಡಿದಳು. "ಎಷ್ಟು ಜನ ಅಂತ ಸುವಾರ್ತೆಯಲ್ಲಿ ಇಲ್ಲ," ಅಂದಳು.

"ನಾನು ಸುವಾರ್ತೆ ಕೇಳ್ಲಿಲ್ಲ. ಪೆಟ್ಟಿಗೆ ಕೇಳಿದೆ."

"ಅದನ್ನ ಬಿಟ್ಟು ಇದು ಅರ್ಥ ಆಗಲ್ಲ ಸರ್. ಅಲ್ಲಿ ರಾಜರು ಅಂತ ಎಲ್ಲೂ ಇಲ್ಲ. ನಕ್ಷತ್ರ ನೋಡಿ ಮೂಡಲ ಕಡೆಯಿಂದ ಬಂದ ಜೋಯಿಸರು ಅಂತ ಮಾತ್ರ ಇದೆ. ಚಿನ್ನ, ಧೂಪ, ರಕ್ತಬೋಳ ತಂದ್ರು. ಕಾಣಿಕೆ ಮೂರು ಆದದ್ದಕ್ಕೆ ತಂದವರೂ ಮೂರು ಅಂತ ಜನ ಮಾಡ್ಕೊಂಡ್ರು. ಹೆಸರು, ಕಿರೀಟ, ಒಂಟೆ ಎಲ್ಲ ಆಮೇಲಾಮೇಲೆ ಸೇರಿದ್ದು. ಅವರು ಕೊಟ್ಟಿಗೆಗೂ ಬಂದಿಲ್ಲ. ಮನೆಗೆ ಬಂದ್ರು ಅಂತಿದೆ. ಆ ರಾತ್ರಿ ಕೊಟ್ಟಿಗೆಗೆ ಬಂದವರು ಕುರುಬರು."

ಬಾಗಿಲಲ್ಲಿ ನಿಂತಿದ್ದ ಗುಡ್ಡಮ್ಮ ಒಳಗೆ ಒಂದು ಹೆಜ್ಜೆ ಇಟ್ಟಳು. "ನಮ್ಮೋರಾ?"

"ನಿಮ್ಮಂಥವರು. ಹೊಲದಲ್ಲಿ ಮಂದೆ ಕಾಯ್ತಿದ್ದವರು."

"ಹಂಗಾರೆ ಅವರ ಮ್ಯಾಗೂ ಕೇಸು ಹಾಕಿದ್ರೇನು?"

ಕರುಣಾ ತಲೆ ತಗ್ಗಿಸಿದಳು. ಹೊರಗೆ ತಾಯಮ್ಮ ಮೊರ ತಟ್ಟುತ್ತಿದ್ದಳು.

ಸಿದ್ಧಲಿಂಗೇಶನಿಗೆ ಹೊತ್ತು ಏರುತ್ತಿರುವುದೇ ಕಣ್ಣ ಮುಂದೆ ಕುಣಿಯುತ್ತಿತ್ತು. "ಟೀಚರ್, ಪಾಠ ಸಾಕು. ಇವಳ ಗಂಡ ನಿಮ್ಮ ಹೆಸರು ಹೇಳಲ್ಲ ಅಂತ ಬಾಯಿಗೆ ಬೀಗ ಹಾಕ್ಕೊಂಡು ಕೂತಿದಾನೆ. ನಾಲ್ಕನೇದು ಇತ್ತು ಅಂತ ಗೊತ್ತಿರೋದು ಪೆಟ್ಟಿಗೆ ಇಟ್ಕೊಂಡಿರೋ ನಿಮಗೆ ಒಬ್ರಿಗೇ. ನೀವೇ ಕೊಟ್ರಿ. ಹೌದೋ ಅಲ್ವೋ?"

"ಮೆಲ್ಲಗೆ ಮಾತಾಡಿ ಸರ್."

"ನಾನು ಹುಟ್ಟಿದ್ದೇ ಹಿಂಗೆ."

ಕರುಣಾ ಕುರ್ಚಿಯ ಬೆನ್ನು ಹಿಡಿದು ನಿಂತಳು. "ಹೌದು," ಅಂದಳು. "ಹಬ್ಬದ ಹಿಂದಿನ ವಾರ ಪೆಟ್ಟಿಗೆಯಿಂದ ತೆಗೆಯುವಾಗ ಒಂದು ಕೈಜಾರಿ ಬಿತ್ತು. ಆಕಾಶ ತೋರಿಸೋ ಬಲಗೈ ಮೊಣಕೈ ಹತ್ರ ಮುರಿಯಿತು. ಸಮಿತಿಗೆ ಗೊತ್ತಾದ್ರೆ ಈ ಕೋಣೆ ಖಾಲಿ ಮಾಡು ಅಂತಿದ್ರು. ಅಮ್ಮನ್ನ ಕರ್ಕೊಂಡು ಎಲ್ಲಿಗೆ ಹೋಗ್ಲಿ? ಇವನ್ನು ಕೆತ್ತಿದ ಗುಡಿಗಾರರ ಮಗ ನಾಗೇಶ ಸೊರಬದಲ್ಲಿ ಇದಾರೆ. ಫೋನ್ ಮಾಡಿ ಕೇಳಿದೆ. ಕಳ್ಸಿ, ಗೊತ್ತಾಗದ ಹಾಗೆ ಜೋಡಿಸಿ ಕೊಡ್ತೀನಿ ಅಂದ್ರು. ಹಬ್ಬದ ಕೆಲಸ ಬಿಟ್ಟು ನಾನು ಹೋಗೋ ಹಾಗಿರಲಿಲ್ಲ. ಬೀರಪ್ಪಣ್ಣನ ಮಂದೆ ಸೊರಬದ ಕಡೆ ಹೊರಟಿತ್ತು. ಹಳೇ ಸೀರೆಯಲ್ಲಿ ಸುತ್ತಿ ಕೊಟ್ಟೆ. ಯಾರಿಗೂ ಹೇಳಬೇಡಣ್ಣ ಅಂದೆ."

"ಆ ಜಾಗಕ್ಕೆ ಇದನ್ನ ಇಟ್ರಿ."

"ಇದು ಮೊದಲಿಂದ ಪೆಟ್ಟಿಗೆ ತಳದಲ್ಲೇ ಇತ್ತು. ಮಾಡಿಸಿದ ಫಾದರ್ ವರ್ಗವಾಗಿ ಹೋದ ಮೇಲೆ ಜನ ಮೂರೇ ಸಾಕು ಅಂತ ಇವನನ್ನ ಒಳಗೆ ಹಾಕಿದ್ರಂತೆ."

"ನಿನ್ನೆಯಿಂದ ಬೀರಪ್ಪ ಒಳಗೆ ಇದಾನೆ ಅಂತ ನಿಮಗೆ ಗೊತ್ತಿತ್ತು."

"ಗೊತ್ತಿತ್ತು."

"ಗೊತ್ತಿದ್ದೂ ಇಲ್ಲಿ ಕೂತು ಕಿಟಕಿಯಿಂದ ಕಿಟಕಿಗೆ ಗೊಂಬೆ ಸರಿಸ್ತಿದ್ರಿ."

ಕರುಣಾ ಕಣ್ಣು ಮೇಲೆತ್ತಿದಳು. "ಸರ್, ಆ ಜೋಯಿಸರು ಮಗು ಎಲ್ಲಿ ಅಂತ ಮೊದಲು ಅರಮನೆಗೆ ಹೋಗಿ ಕೇಳಿದ್ರು. ಕೇಳಬಾರದ ಕಡೆ ಕೇಳಿದ್ರು. ಅದನ್ನ ಕೇಳಿಸಿಕೊಂಡ ರಾಜ ಆ ಊರಿನ ಹಸುಗೂಸುಗಳನ್ನೆಲ್ಲ ಕೊಲ್ಲಿಸಿದ. ಹೇಳೋಕೂ ಕೇಳೋಕೂ ನನಗೆ ಭಯ. ಸತ್ಯ ಹೇಳಿದ್ರೆ ಎಲ್ಲರೂ ಬದುಕ್ತಾರೆ ಅಂತ ಏನಿಲ್ಲ."

"ಇವಳ ಗಂಡ ಬದುಕ್ತಾನೆ. ನಂಗೆ ಅಷ್ಟು ಸಾಕು. ಹೊರಡ್ರಿ."

ಗುಡ್ಡಮ್ಮ ಏನೂ ಬೈಯಲಿಲ್ಲ. ಬಂದು ಕರುಣಾಳ ಮುಂಗೈ ಹಿಡಿದಳು, ಅಷ್ಟೇ. "ಬಾ ನನ್ನವ್ವ. ಒಂದು ಮಾತು ಹೇಳಿಬಿಡು. ನಿನ್ನ ಮ್ಯಾಲೆ ಯಾರನ್ನೂ ಕೂಗಾಡಾಕ ಬಿಡಂಗಿಲ್ಲ ನಾನು. ಈ ದಫೇದಾರ್ರನ್ನೂ."

ಕರುಣಾ ತಾಯಿಯ ಕಿವಿಯ ಹತ್ತಿರ ಬಗ್ಗಿ ಏನೋ ಹೇಳಿ, ಚಪ್ಪಲಿ ಮೆಟ್ಟಿದಳು.

ಸೊರಬದ ಬಸ್ಸು ಆಮೆಯ ಹಾಗೆ ಹೋಯಿತು. ಶಿರಾಳಕೊಪ್ಪದಲ್ಲಿ ಕಂಡಕ್ಟರ್ ಇಳಿದು ಯಾರದೋ ಮದುವೆಯ ಪಾತ್ರೆ ಹೇರಿಸಿಕೊಳ್ಳುತ್ತ ನಿಂತ. ಸಿದ್ಧಲಿಂಗೇಶ್ ಕಿಟಕಿಯಲ್ಲಿ ತಲೆ ಹಾಕಿ ಬೈದ. ಕಂಡಕ್ಟರ್ ಇನ್ನೂ ನಿಧಾನ ಮಾಡಿದ.

ಹಿಂದಿನ ಸೀಟಿನಲ್ಲಿ ಗುಡ್ಡಮ್ಮ ತನ್ನ ಗಂಡನ ದಾರಿಯನ್ನು ಕರುಣಾಳಿಗೆ ವಿವರಿಸುತ್ತಿದ್ದಳು. ಭತ್ತ ಕೊಯ್ದ ಗದ್ದೆಯಲ್ಲಿ ಗೊಬ್ಬರಕ್ಕೆಂದು ಮಂದೆ ನಿಲ್ಲಿಸಲು ಕುಬಟೂರಿನವರು ಕರೆದಿದ್ದರು. ಅಲ್ಲಿ ಬಿಡಾರ ಹೂಡಿ, ಆಮೇಲೆ ಸೊರಬದ ಕಡೆ ಬಂದರು. ಯಾವಾಗಲೂ ಕ್ಯಾಸನೂರಿನ ಕಾಡಂಚಿನಲ್ಲಿ ಕುರಿ ಹೊಡೆಯುತ್ತಿದ್ದವನು ಈ ಸಲ ಹೋಗಲಿಲ್ಲ. ಮಂಗನ ಕಾಯಿಲೆಯ ಕಾಲ, ಉಣುಗು ಹತ್ತುತ್ತದೆ ಎಂದು ಇವಳೇ ಹೇಳಿ ಡಾಂಬರು ರಸ್ತೆ ಹಿಡಿಸಿದ್ದಳು. ಡಾಂಬರು ರಸ್ತೆಯಲ್ಲಿ ತನಿಖಾ ಠಾಣೆ ಇತ್ತು.

"ನಾನೇ ದಾರಿ ಹೇಳಿ ಸಿಕ್ಕಿಸಿದಂಗಾತು," ಅಂದಳು.

ನಾಗೇಶನ ಅಂಗಡಿ ಸೊರಬದ ಬಸ್‌ಸ್ಟ್ಯಾಂಡಿನ ಹತ್ತಿರವೇ ಇತ್ತು. ಅವನನ್ನೂ ಸಾಕ್ಷಿಗೆ ಎಳೆದೊಯ್ಯಬೇಕೆಂದು ಸಿದ್ಧಲಿಂಗೇಶನ ಲೆಕ್ಕ. ನಲವತ್ತು ದಾಟಿದ, ತೆಳ್ಳನೆಯ ಗುಡಿಗಾರ ಉಳಿ ಕೆಳಗಿಟ್ಟು ಕರುಣಾಳಿಗೆ ಕೈ ಮುಗಿದ.

"ಹೌದು ಮಾರಾಯ್ರೆ, ಟೀಚರ್ ಫೋನ್ ಮಾಡಿದ್ರು. ಬಲಗೈ ಮುರಿದಿದೆ ಅಂದ್ರು. ನಾನೂ ಕಾದೆ. ಮಂದೆ ಕುಬಟೂರಲ್ಲಿ ನಿಂತಿದೆ ಅಂತ ಗೊತ್ತಾಗಿ ಅಲ್ಲಿಗೇ ಹೋಗಿದ್ದೆ. ಅಷ್ಟೊತ್ತಿಗೆ ಹೊರಟು ಹೋಗಿದ್ರು."

"ನಿಮ್ಮಪ್ಪ ಇವನ್ನ ಎಷ್ಟು ಕೆತ್ತಿದ್ರು?"

"ಅದು ನಂಗೆ ಗೊತ್ತಿಲ್ಲ. ಆ ಫಾದರ್ ಹೇಳಿದ್ರಂತೆ, ಲೆಕ್ಕ ನಮ್ಮ ಪುಸ್ತಕದಲ್ಲೇ ಇಲ್ಲ, ನಿನಗೆ ಎಷ್ಟು ಜನ ಕಾಣ್ತಾರೋ ಅಷ್ಟು ಮಾಡು ಅಂತ. ಅಪ್ಪ ಅದನ್ನೇ ಹೇಳಿ ನಗ್ತಿದ್ರು."

"ಬಂದು ಇದನ್ನೇ ಅರಣ್ಯ ಕಚೇರಿಯಲ್ಲಿ ಹೇಳು. ಕೈ ಮುರಿದ ಗೊಂಬೆ ರಿಪೇರಿಗೆ ಬರ್ತಿತ್ತು ಅನ್ನು."

ನಾಗೇಶ ಹಿಂದೆ ಸರಿದ. "ಅದೊಂದು ಹೇಳಬೇಡಿ. ಗಂಧದ ಚಕ್ಕೆ ಮುಟ್ಟಿದ್ರೂ ಲೆಕ್ಕ ಕೊಡಬೇಕು ನಾವು. ಆ ಕಚೇರಿ ಮೆಟ್ಟಿಲು ನಾನಾಗಿ ಹತ್ತಲ್ಲ."

"ಒಬ್ಬ ಮನುಷ್ಯ ಜೈಲಿಗೆ ಹೋಗ್ತಿದಾನೆ."

"ನಾನು ಹೋದ್ರೆ ಇಬ್ಬರಾಗ್ತೀವಿ."

ಸಿದ್ಧಲಿಂಗೇಶ್ ಅವನ ಕೊರಳಪಟ್ಟಿಗೆ ಕೈ ಹಾಕುವವನಿದ್ದ. ಗುಡ್ಡಮ್ಮ ಅವನ ತೋಳು ಜಗ್ಗಿದಳು. "ಹೊತ್ತಾತು ನಡೀರಿ. ಟೀಚರಮ್ಮ ಇದಾಳಲ್ಲ, ಸಾಕು."

ಅರಣ್ಯ ಕಚೇರಿಯ ಅಂಗಳದಲ್ಲಿ ಜೀಪು ಆಗಲೇ ಮುಖ ತಿರುಗಿಸಿ ನಿಂತಿತ್ತು. ರೇಂಜರ್ ದೀಪಶ್ರೀ ಚಿಕ್ಕ ವಯಸ್ಸಿನ ಹೆಂಗಸು, ಮಾತು ಕಡಿಮೆ. ನಿನ್ನೆ ಗೊಂಬೆಯನ್ನು ಮುಟ್ಟಲು ಬಿಡದೆ ಸಿದ್ಧಲಿಂಗೇಶನನ್ನು ಬಾಗಿಲಿಂದಲೇ ಕಳಿಸಿದ್ದವಳು ಇವಳೇ. ಇವತ್ತು ಕರುಣಾಳ ಮಾತನ್ನು ತಾಳ್ಮೆಯಿಂದ ಪೂರ್ತಿ ಕೇಳಿದಳು.

"ಹಾಗಿದ್ದರೆ ಒಳ್ಳೆಯದೇ ಆಯ್ತು," ಅಂದಳು. "ನನಗೂ ಆ ಮನುಷ್ಯನನ್ನ ನೋಡಿದ್ರೆ ಕಳ್ಳ ಅನ್ನಿಸಲಿಲ್ಲ. ನೀವು ಗೊಂಬೆ ನೋಡಿ, ಇದೇ ನಾನು ಕೊಟ್ಟದ್ದು ಅಂತ ಗುರುತಿಸಿ. ಹೇಳಿಕೆ ಬರೆದುಕೊಳ್ತೀನಿ. ಫಾದರ್ ಹತ್ರ ಆಮೇಲೆ ಮಾತಾಡಬಹುದು. ಕೋರ್ಟಿಗೆ ಹೋಗೋ ಅಗತ್ಯವೇ ಬರೋದಿಲ್ಲ."

ಗುಡ್ಡಮ್ಮ ಗೋಡೆಗೊರಗಿ ಕಣ್ಣು ಮುಚ್ಚಿದಳು. ಸಿದ್ಧಲಿಂಗೇಶನಿಗೆ ನಿನ್ನೆಯಿಂದ ಮೊದಲ ಸಲ ಹಸಿವಾಯಿತು.

ಗಾರ್ಡ್ ಬೀರುವಿನಿಂದ ಬಟ್ಟೆಯ ಗಂಟು ತಂದು ಮೇಜಿನ ಮೇಲಿಟ್ಟ. ಅರಗಿನ ಮುದ್ರೆ ಒಡೆದು ಬಿಚ್ಚಿದ.

ಮೊದಲು ಬಂದದ್ದು ವಾಸನೆ. ಕೋಣೆಯೆಲ್ಲ ತುಂಬಿಕೊಂಡಿತು, ಈಗ ತಾನೆ ಗಂಧ ತೇಯ್ದ ಹಾಗೆ. ಸಿದ್ಧಲಿಂಗೇಶನಿಗೆ ಎಲ್ಲೋ ಚುಚ್ಚಿತು. ಬೆಳಿಗ್ಗೆ ಚರ್ಚಿನಲ್ಲಿ ಮೂರು ಗೊಂಬೆಗಳನ್ನು ಮೂಗಿನ ಹತ್ತಿರ ಹಿಡಿದಿದ್ದ. ಯಾವುದಕ್ಕೂ ಇಷ್ಟು ವಾಸನೆ ಇರಲಿಲ್ಲ.

ಜೋಯಿಸ ಮೇಜಿನ ಮೇಲೆ ನಿಂತ. ಶಲ್ಯ, ಪಂಚಾಂಗ, ಅದೇ ಮುಖ. ಬಲಗೈ ಎತ್ತಿ ಆಕಾಶ ತೋರಿಸುತ್ತಿದ್ದ.

ಕೈ ಪೂರ್ತಿಯಾಗಿತ್ತು. ಮುರಿದ ಗುರುತೂ ಇಲ್ಲ, ಜೋಡಿಸಿದ ಗುರುತೂ ಇಲ್ಲ. ನೆತ್ತಿಯ ಮೇಲೆ ಅಂಟಿನ ಒಂದು ಚುಕ್ಕೆಯೂ ಇಲ್ಲ.

"ಇದೇನಾ?" ದೀಪಶ್ರೀ ಪೆನ್ನು ತೆರೆದಳು.

ಕರುಣಾ ಗೊಂಬೆಯನ್ನು ಎತ್ತಿಕೊಂಡಳು. ಕೈ ಸವರಿದಳು. ತಿರುಗಿಸಿ ಪಾದದ ಅಡಿ ನೋಡಿದಳು. ಅವಳ ಮುಖದ ಬಣ್ಣ ಇಳಿಯಿತು. ಕಾದ ಬಾಣಲೆಯನ್ನು ಇಡುವವರ ಹಾಗೆ ಥಟ್ಟನೆ ಕೆಳಗಿಟ್ಟಳು.

"ನಾನು ಕೊಟ್ಟದ್ದು ಇದಲ್ಲ."

"ಅಲ್ಲ ಅಂದ್ರೆ?" ಗುಡ್ಡಮ್ಮನ ದನಿ ತೀರ ಸಣ್ಣದಾಗಿತ್ತು.

"ಇದು ಹೊಸ ಮರ," ಗಾರ್ಡ್ ಮೂಸಿ ನೋಡಿ ಹೇಳಿದ. "ಇತ್ತೀಚೆಗೆ ಕೆತ್ತಿದ್ದು ಮೇಡಂ. ಕಂಡರೇ ಗೊತ್ತಾಗ್ತದೆ."

ಸಿದ್ಧಲಿಂಗೇಶನ ತಲೆಯಲ್ಲಿ ಒಂದೇ ಏಟಿಗೆ ಎಲ್ಲ ಕಲಸಿಹೋಯಿತು. ಬೀರಪ್ಪ ಒಯ್ದದ್ದು ಕೈ ಮುರಿದ ಹಳೆಯದು. ಸಿಕ್ಕಿದ್ದು ಇಡಿಯಾದ ಹೊಸದು. ದಾರಿಯಲ್ಲಿ ಯಾರೋ ಬದಲಾಯಿಸಿದ್ದಾರೆ, ಇಲ್ಲವೇ ಈ ಹೆಂಗಸು ಬೆಳಿಗ್ಗೆಯಿಂದ ಕಥೆ ಕಟ್ಟುತ್ತಿದ್ದಾಳೆ. ಪಾದದ ಅಡಿಯಲ್ಲಿ ಏನು ಕಂಡಳು ಇವಳು? ಕೇಳಬೇಕಾದದ್ದು ಅದೊಂದೇ ಪ್ರಶ್ನೆ. ಮೆಲ್ಲಗೆ ಕೇಳಬೇಕಿತ್ತು.

ಅವನು ಮೇಜು ಗುದ್ದಿದ.

"ಏನ್ ಆಟ ಆಡ್ತಿದೀರಾ? ನಿನ್ನೆಯಿಂದ ಬಾಯಿ ಬಿಡ್ಲಿಲ್ಲ. ಇವತ್ತು ಬೆಳಿಗ್ಗೆ ಕೈ ಮುರೀತು ಅಂದ್ರಿ. ಈಗ ಇದಲ್ಲ ಅಂತೀರಿ. ಆ ಮುರಿದದ್ದು ಇತ್ತೋ ಇಲ್ಲವೋ? ಯಾರನ್ನ ಕಾಪಾಡ್ತಿದೀರಿ ನೀವು?"

"ಸರ್..."

"ನಿಮಗೆ ಒಂದು ಕೋಣೆ ಉಳಿಸ್ಕೊಳ್ಳೋಕೆ ಒಬ್ಬ ಮುಗ್ಧನ ಜೀವನಾನೇ ಬೇಕಾಯ್ತಾ? ಮಕ್ಕಳಿಗೆ ಪಾಠ ಬೇರೆ ಹೇಳ್ತೀರಿ."

"ದಫೇದಾರ್ರೇ," ಗುಡ್ಡಮ್ಮ ನಡುವೆ ಬಂದಳು. "ಸುಮ್ಕಿರಿ."

ಕರುಣಾ ಅಳಲಿಲ್ಲ. ಅವನನ್ನು ನೋಡಲೂ ಇಲ್ಲ. ರೇಂಜರ್ ಕಡೆ ತಿರುಗಿ, "ಬಾಯಿ ಒಣಗಿದೆ ಮೇಡಂ. ನೀರು ಕುಡಿದು ಬರ್ತೀನಿ. ಬಂದು ಎಲ್ಲ ಹೇಳ್ತೀನಿ," ಅಂದಳು.

"ನಲ್ಲಿ ಹೊರಗೆ, ಗೇಟಿನ ಹತ್ರ ಇದೆ. ಬೇಗ ಬನ್ನಿ."

ಅವಳು ಹೋದಳು. ಸಿದ್ಧಲಿಂಗೇಶ್ ತಿರುಗಿಯೂ ನೋಡಲಿಲ್ಲ. ಗೊಂಬೆಯನ್ನು ಎತ್ತಿ ಪಾದದ ಅಡಿ ನೋಡಿದ. ಅಲ್ಲಿ ಉಳಿಯಿಂದ ಕೊರೆದ ಒಂದು ಸಣ್ಣ ಗುರುತಿತ್ತು: ಅರ್ಧ ಚಂದ್ರ, ಅದರೊಳಗೆ ಒಂದು ಚುಕ್ಕೆ. ಅವನಿಗೆ ಅದು ಏನೂ ಹೇಳಲಿಲ್ಲ. ಅವಳಿಗೆ ಏನೋ ಹೇಳಿತ್ತು.

"ಮೇಡಂ, ಇದೇನು ಗುರುತು?"

"ಗೊತ್ತಿಲ್ಲ. ಕೆತ್ತಿದವರದ್ದು ಇರಬಹುದು. ಆ ಟೀಚರ್ ಬರಲಿ, ಅವರೇ ಹೇಳಲಿ."

ಕಾದರು. ಗೋಡೆಯ ಮೇಲೆ ಫ್ಯಾನು ಕಿರ್ ಎನ್ನುತ್ತಿತ್ತು. ಕೆತ್ತಿದವರು ಅಂದದ್ದೇ, ಮಂದೆ ಹುಡುಕಿ ಕುಬಟೂರಿಗೆ ಹೋಗಿದ್ದೆ ಅಂದ ನಾಗೇಶನ ಮುಖ ಸಿದ್ಧಲಿಂಗೇಶನ ಕಣ್ಣ ಮುಂದೆ ಬಂತು. ದೀಪಶ್ರೀ ಎರಡು ಸಲ ಬಾಗಿಲ ಕಡೆ ನೋಡಿದಳು. ಜೀಪಿನ ಡ್ರೈವರ್ ಬಂದು ಇಣುಕಿದ. "ಮೇಡಂ, ಕೋರ್ಟಿನ ಹೊತ್ತು ಮೀರ್ತದೆ."

ಗುಡ್ಡಮ್ಮ ಹೊರಗೆ ಹೋದಳು. ಬರಿಗೈಯಲ್ಲಿ ಬಂದಳು.

"ನಲ್ಲಿ ಹತ್ರ ಇಲ್ರಿ. ನೆಲ ಕೂಡ ಒದ್ದೆ ಆಗಿಲ್ಲ."

ಸಿದ್ಧಲಿಂಗೇಶ್ ಗೇಟಿಗೆ ಓಡಿದ. ಎಡಕ್ಕೆ ಬಸ್‌ಸ್ಟ್ಯಾಂಡಿನ ಗದ್ದಲ, ಬಲಕ್ಕೆ ಖಾಲಿ ರಸ್ತೆ. ಬಸ್ಸಿನಲ್ಲಿ ಬರೆದುಕೊಂಡಿದ್ದ ಅವಳ ನಂಬರಿಗೆ ಫೋನ್ ಮಾಡಿದ. ಸ್ವಿಚ್ ಆಫ್. ಎದುರಿನ ಹಣ್ಣಿನ ಗಾಡಿಯವನನ್ನು ಕೇಳಿದ. ಟೀಚರ್ ಥರದ ಹೆಂಗಸೊಬ್ಬರು ಹಿಂದೆ ನೋಡದೆ ಸರಸರ ನಡೆದು ಹೋದರು, ಅಂದ. ಯಾವ ಕಡೆಗೆ? ಅದನ್ನು ಅವನು ನೋಡಿರಲಿಲ್ಲ.

ವಾಪಸ್ ಬರುವಷ್ಟರಲ್ಲಿ ಚಿಕ್ಕಬೀರಪ್ಪನನ್ನು ಹೊರಗೆ ತಂದಿದ್ದರು. ಹೆಗಲ ಮೇಲೆ ಕಂಬಳಿ ಇರಲಿಲ್ಲ, ಅದೂ ಸಾಕ್ಷಿಯ ಸಾಮಾನಾಗಿತ್ತು. ಕಂಬಳಿ ಇಲ್ಲದೆ ಅವನು ಬೇರೆ ಯಾರೋ ಥರ ಕಾಣುತ್ತಿದ್ದ. ಹೆಂಡತಿಯನ್ನು ನೋಡಿ ಮುಖ ಅರಳಿತು.

"ಟೀಚರಮ್ಮ ಬಂದಾಳಂತಲ್ಲ," ಅಂದ. "ಗಾರ್ಡ್ ಹೇಳಿದ. ಎಲ್ಲೇ, ಕಾಣವಲ್ಲಳು?"

ಗುಡ್ಡಮ್ಮ ಸಿದ್ಧಲಿಂಗೇಶನ ಕಡೆ ನೋಡಿದಳು. ಅವನು ನೆಲ ನೋಡಿದ.

ಬೀರಪ್ಪ ಜೀಪು ಹತ್ತಿ, ಗೇಟು ಕಾಣುವ ಹಾಗೆ ಅಂಚಿಗೆ ಸರಿದು ಕೂತ. ಜೀಪು ಹೊರಟಿತು. ತಿರುವು ದಾಟುವವರೆಗೂ ಅವನು ಕತ್ತು ಚಾಚಿ ಹಿಂದಕ್ಕೇ ನೋಡುತ್ತಿದ್ದ. ಕರುಣಾ ಬರಲಿಲ್ಲ.